ಟೀವಿಯ ವೀರ ಆಡದ ಎರಡು ಮಾತು

ನಮ್ಮ ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಈ ಒಂದೇ ಕಾರಣಕ್ಕೆ ನನ್ನ ಬಾಲ್ಯದ ಒಂದೆರಡು ವರ್ಷ ಬಹಳ ಸುಖವಾಗಿ ಕಳೆದವು ಎಂದರೆ ನಗಬೇಡಿ, ಪೂರ್ತಿ ಕೇಳಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮ ಮನೆ. ಅಜ್ಜನದು ಕಾಳುಕಡಿಯ ಮಂಡಿ. ಪಡಸಾಲೆಯ ಮೂಲೆಯಲ್ಲಿ ಕಲರ್ ಟೀವಿ, ಅದಕ್ಕೆ ಅವ್ವ ಕಸೂತಿ ಹಾಕಿದ ಬಟ್ಟೆಯ ಮುಸುಕು. ವಾರದ ಉಳಿದ ದಿನ ಆ ಮುಸುಕನ್ನು ಯಾರು ಬೇಕಾದರೂ ಸರಿಸಬಹುದಿತ್ತು. ಭಾನುವಾರ ಮಧ್ಯಾಹ್ನ ಮಾತ್ರ ಅಜ್ಜಿಯೇ ಸರಿಸಬೇಕು. ಆಗ ಹಾರುವ ವೀರನ ಧಾರಾವಾಹಿ ಬರುತ್ತಿತ್ತು. ಹಳದಿ ಅಂಗಿ, ಬೆನ್ನ ಮೇಲೆ ನೀಲಿ ಬಟ್ಟೆ, ಒಂದು ಕೈ ಮುಂದಕ್ಕೆ ಚಾಚಿ ಹಾರುತ್ತಿದ್ದ. ಹಾರುವಾಗ ಅವನ ಮೈಯ ಸುತ್ತ ಒಂದು ಹಸಿರು ಗೆರೆ ನಡುಗುತ್ತಿತ್ತು. ಅದು ಚಿತ್ರೀಕರಣದ ದೋಷ ಎಂದು ಗೊತ್ತಾದದ್ದು ಈಗ. ಆಗ ನಾವೆಲ್ಲ ಅದೇ ಅವನ ಶಕ್ತಿ ಎಂದುಕೊಂಡಿದ್ದೆವು.

ಪ್ರತಿ ವಾರ ಕಥೆ ಮುಗಿದ ಮೇಲೆ ಆ ವೀರ ನೇರವಾಗಿ ನಮ್ಮ ಕಡೆ ತಿರುಗಿ ಮಕ್ಕಳಿಗೆ ಒಂದು ಬುದ್ಧಿಮಾತು ಹೇಳುತ್ತಿದ್ದ. ಹಾಲು ಕುಡಿಯಿರಿ, ಉಗುರು ಕತ್ತರಿಸಿ, ರಸ್ತೆ ದಾಟುವಾಗ ಎರಡೂ ಕಡೆ ನೋಡಿ. ಅಷ್ಟು ಹೊತ್ತಿಗೆ ಓಣಿಯ ಮಕ್ಕಳೆಲ್ಲ ಎದ್ದು ಬಯಲಿಗೆ ಓಡಿರುತ್ತಿದ್ದರು. ಬುದ್ಧಿಮಾತು ಯಾರಿಗೆ ಬೇಕು? ಬೇಕಾಗಿದ್ದದ್ದು ಅಜ್ಜಿಗೆ. ಮಠದ ಪ್ರವಚನ ಒಂದನ್ನೂ ತಪ್ಪಿಸದ ಅವಳಿಗೆ ಇದೂ ಒಂದು ಪ್ರವಚನ. "ಕಾವಿ ಉಟ್ಟಿಲ್ಲ ಅಷ್ಟೇ, ಒಳಗೆ ಶರಣ ಅದಾನೆ ಅವ" ಅನ್ನುತ್ತಿದ್ದಳು. ಧಾರಾವಾಹಿ ಶುರುವಾಗುವ ಮುಂಚೆ ಟೀವಿಯ ನೆತ್ತಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಅವ್ವ ಸೋಮವಾರ ಅದನ್ನು ಸುಮ್ಮನೆ ಒರೆಸುತ್ತಿದ್ದಳು.

ನಾನು ಆರನೇ ಕ್ಲಾಸು. ಹಿಂದಿ ಟ್ಯೂಷನ್ನಿಗೆ ಹೋಗುತ್ತಿದ್ದೆ. ಹಾಗಾಗಿ ವೀರನಿಗೂ ಅಜ್ಜಿಗೂ ನಡುವೆ ನಾನೇ ದುಭಾಷಿ. ಅವನ ಮಾತು ಮುಗಿದ ಕೂಡಲೇ ಅಜ್ಜಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗುವಳು. "ಏನಂತೆ ಅಪ್ಪಣೆ?"

ನಾನು ಹೇಳಿದ್ದು ಆ ವಾರದ ಕಾನೂನು. ಉಗುರಿನ ವಾರ ಅಜ್ಜನನ್ನೂ ಬಿಡಲಿಲ್ಲ, ಬಿಸಿಲಿನಲ್ಲಿ ಕೂರಿಸಿ ಕಾಲಿನ ಉಗುರು ತೆಗೆಸಿದಳು. "ಮಂಡಿಯಾಗೆ ನಾನು ಹೇಳಿದ್ದು ನಡೀತತೆ, ಮನ್ಯಾಗೆ ಆ ಹಳದಿ ಅಂಗಿಯವ ಹೇಳಿದ್ದು" ಎಂದು ಅಜ್ಜ ಗೊಣಗಿದ. ಅಜ್ಜನಿಗೆ ಬಜಾರಿನ ಉರ್ದು ಚೆನ್ನಾಗಿ ಬರುತ್ತಿತ್ತು, ಹಿಂದಿಯೂ ತಿಳಿಯುತ್ತಿತ್ತು. ಆದರೆ ಭಾನುವಾರ ಉಂಡ ಮೇಲೆ ಒಳಗೆ ಹೋಗಿ ಮಲಗಿಬಿಡುತ್ತಿದ್ದ. ಆದ್ದರಿಂದ ನನ್ನ ಹುದ್ದೆಗೆ ಯಾವ ಅಪಾಯವೂ ಇರಲಿಲ್ಲ.

ಈಗ ಪಡಸಾಲೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಹೇಳಬೇಕು. ಮನೆಯವರು, ನೆಂಟರ ಮಕ್ಕಳು ಚಾಪೆಯ ಮೇಲೆ. ಓಣಿಯ ಉಳಿದ ಮಕ್ಕಳು ಬಾಗಿಲ ಬಳಿ ನೆಲದ ಮೇಲೆ. ನನ್ನ ಗೆಳತಿ ಹೊರಗೆ.

ಅವಳು ನನ್ನದೇ ಕ್ಲಾಸು, ನನ್ನದೇ ಬೆಂಚು. ಮನೆ ಹಿಂದಿನ ಓಣಿಯಲ್ಲಿ. ಅವಳಪ್ಪ, ತಾವು ದುಡಿಯುತ್ತಿದ್ದ ಬಟ್ಟೆ ಮಿಲ್ಲು ಮುಚ್ಚಿದ ಮೇಲೆ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಆ ಓಣಿಯವರು ನಮ್ಮ ಹೊಸ್ತಿಲು ದಾಟುವ ಪದ್ಧತಿ ಇರಲಿಲ್ಲ. ಹಾಗೆಂದು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ, ಎಲ್ಲರಿಗೂ ಗೊತ್ತಿತ್ತು ಅಷ್ಟೆ. ಅವಳು ಹೊರಗಿನ ಕಟ್ಟೆ ಹತ್ತಿ, ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದಳು. ಬೇಸಿಗೆಯಲ್ಲಿ ಸರಳು ಕಾದಿರುತ್ತಿತ್ತು. ಲಂಗದ ಅಂಚನ್ನು ಅದಕ್ಕೆ ಸುತ್ತಿ ಹಿಡಿದುಕೊಳ್ಳುತ್ತಿದ್ದಳು. ಅಜ್ಜಿ ಅವಳನ್ನು ಕರೆಯುತ್ತಿದ್ದದ್ದೇ "ಕಿಟಕಿ ಹುಡುಗಿ" ಎಂದು.

ಅಜ್ಜಿ ಕೆಟ್ಟವಳಲ್ಲ. ಮಂಡಕ್ಕಿ ಕಲಸಿದರೆ ಮೊದಲ ಪೊಟ್ಟಣ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಲೋಕಿಕೆರೆಯ ನಮ್ಮ ಹೊಲದಿಂದ ಶೇಂಗಾ ಬಂದರೆ ಆ ಹುಡುಗಿಗೆ ಒಂದು ಹಿಡಿ ಹೆಚ್ಚೇ. ನೀರಿಗೆ ಮಾತ್ರ ಕಿಟಕಿ ಪಕ್ಕದ ಗೂಡಿನಲ್ಲಿ ಬೇರೆ ಲೋಟ ಇತ್ತು. ಜಾತಿ ಸುಳ್ಳು ಎಂದು ಎಂಟು ನೂರು ವರ್ಷದ ಹಿಂದೆಯೇ ಹೇಳಿದ ಶರಣರ ಪಟ ಆ ಗೂಡಿನ ಮೇಲೆಯೇ ತೂಗುತ್ತಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಹೂ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ನನಗೆ ಕಲಿಸಿದವಳೂ ಅಜ್ಜಿಯೇ. ಅವಳಿಗೆ ಇದು ಕಾಣಲಿಲ್ಲ. ನನಗೂ ಬಹಳ ದಿನ ಕಾಣಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ.

ನನ್ನ ಸಂಕಟ ಬೇರೆ ಇತ್ತು. ನಾನು ಕಪ್ಪು. ಸಾಧಾರಣ ಕಪ್ಪಲ್ಲ, ಮದುವೆ ಮನೆಯಲ್ಲಿ ನೆಂಟರು "ಪಾಪ, ಮೂಗು ಚೆನ್ನಾಗೈತೆ" ಎಂದು ಸಮಾಧಾನ ಹೇಳುವಷ್ಟು ಕಪ್ಪು. ಭಾನುವಾರ ಬೆಳಿಗ್ಗೆ ಎಣ್ಣೆನೀರಿಗೆ ಮುಂಚೆ ಅಜ್ಜಿ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ನನ್ನ ಮೈಗೆ ಹಚ್ಚಿ ಉಜ್ಜುತ್ತಿದ್ದಳು. ಪಾತ್ರೆಯಾಗಿದ್ದರೆ ಅಷ್ಟು ಹೊತ್ತಿಗೆ ತೂತು ಬೀಳುತ್ತಿತ್ತು. ಮೈ ಉರಿಯುತ್ತಿತ್ತು, ಬಣ್ಣ ಅಲ್ಲಾಡಲಿಲ್ಲ. "ಇರ್ಲಿ ಬಿಡು, ಮುಂದಿನ ವಾರ ನೋಡಾನ" ಅನ್ನುವಳು. ಅವಳು ಪ್ರೀತಿಯಿಂದಲೇ ಉಜ್ಜುತ್ತಿದ್ದಳು, ನಾನು ಹಲ್ಲು ಕಚ್ಚಿ ಕೂರುತ್ತಿದ್ದೆ.

ಧಾರಾವಾಹಿ ಮುಗಿದ ಮೇಲೆ ಬಯಲಿನಲ್ಲಿ ಅದೇ ಕಥೆಯ ಆಟ. ಆಟದ ಕಾನೂನು ಟೀವಿಯಿಂದಲೇ ಬಂದದ್ದು. ಟೀವಿಯಲ್ಲಿ ವೀರ ಕೆಂಪಗೆ, ಸೇಬಿನ ಹಾಗೆ. ಅವನು ಕಾಪಾಡುವ ಮಕ್ಕಳೂ ಬೆಳ್ಳಗೆ. ಕೇಡಿಗಳಿಗೆ ಮಾತ್ರ ಮುಖಕ್ಕೆ ಮಸಿ ಬಳಿದಿರುತ್ತಿದ್ದರು, ಒಬ್ಬನಿಗೂ ತಪ್ಪಿದ್ದಿಲ್ಲ. ಯಾವಾಗಲಾದರೂ ಗುಡಿಸಲಿನ ಬಸ್ತಿ ತೋರಿಸಿದರೆ ಅಲ್ಲಿನವರಿಗೆ ಅಳುವುದೊಂದೇ ಕೆಲಸ. ವೀರ ಬರುವ ತನಕ ಸಾಲಾಗಿ ನಿಂತು ಅಳುವರು, ಬಂದ ಮೇಲೆ ಕೈ ಮುಗಿಯುವರು. ಒಮ್ಮೆ ಹಾಗೆ ಅತ್ತಾಗ ಕಿಟಕಿಯಿಂದ ನನ್ನ ಗೆಳತಿ ಕೇಳಿದ್ದಳು: "ಅವ್ರಾಗೆ ಒಬ್ರಿಗೂ ಹಾರಾಕೆ ಬರೋದಿಲ್ಲೇನು?"

ಅವಳು ಬೆಳ್ಳಗಿದ್ದಳು. ಅದರ ಮೇಲೆ ಓಣಿಯಲ್ಲೇ ಅತಿ ದೂರ ಜಿಗಿಯುವವಳು. ಹಾಗಾಗಿ ಬಯಲಿನಲ್ಲಿ ಅವಳೇ ವೀರ, ಕುತ್ತಿಗೆಗೆ ಅವಳಪ್ಪನ ನೀಲಿ ಟವೆಲ್. ನಾನು ಪ್ರತಿ ವಾರವೂ ರಾಕ್ಷಸಿ. ಮಸಿಯ ಖರ್ಚೂ ಇಲ್ಲ ಎಂದು ಹುಡುಗರು ನಗುತ್ತಿದ್ದರು. ಮನೆಯಲ್ಲಿ ಅವಳು ಹೊರಗೆ, ನಾನು ಒಳಗೆ. ಬಯಲಿನಲ್ಲಿ ಅವಳು ಅಲ್ಲಿನ ಕಲ್ಲುಕಟ್ಟೆಯ ಮೇಲೆ, ನಾನು ಅವಳ ಕಾಲ ಕೆಳಗೆ ಸತ್ತು ಬಿದ್ದಿರಬೇಕು. ನನಗೆ ಸಿಟ್ಟು ಬರುತ್ತಿತ್ತು. ಅವಳ ಮೇಲಲ್ಲ, ಆ ಹಳದಿ ಅಂಗಿಯವನ ಮೇಲೆ. ಇಷ್ಟು ಬುದ್ಧಿ ಹೇಳುವವನು ಈ ಒಂದು ಬುದ್ಧಿಯನ್ನು ಯಾಕೆ ಹೇಳುವುದಿಲ್ಲ?

ಬೇಸಿಗೆ ಬಂತು. ಕಿಟಕಿಯಿಂದ ಬರುವ ಬಿಸಿಲು ಟೀವಿಯ ಗಾಜಿಗೆ ಹೊಡೆದು ಏನೂ ಕಾಣದಂತಾಯಿತು. "ಅಜ್ಜಿ, ಕಿಟಕಿ ಹಾಕ್ರಿ" ಎಂದು ಒಳಗಿದ್ದ ಮಕ್ಕಳು ಕೂಗಿದರು. ಅಜ್ಜಿ ಎದ್ದು ಕದ ಮುಚ್ಚಿದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಬಿಸಿಲು ಮುಚ್ಚಿದಳು ಅಷ್ಟೆ. ಆ ಬಿಸಿಲಿನ ಜೊತೆ ನನ್ನ ಗೆಳತಿಯೂ ಹೊರಗುಳಿದಳು. ಅವಳು ಮನೆಗೆ ಹೋಗಿರಬಹುದು ಎಂದುಕೊಂಡೆ. ಮುಗಿದ ಮೇಲೆ ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ, ಮುಚ್ಚಿದ ಕದಕ್ಕೆ ಕಿವಿ ಹಚ್ಚಿ ಕೂತಿದ್ದಾಳೆ. ಕೆನ್ನೆಯ ಮೇಲೆ ಮರದ ಪಟ್ಟಿಯ ಗುರುತು ಬಿದ್ದಿತ್ತು.

"ಆ ಮುದುಕ ಸತ್ನಾ, ಬದುಕಿದ್ನಾ?" ಎಂದು ಕೇಳಿದಳು. "ದಬ್ ಅಂತ ಸದ್ದಾತು, ಆಮ್ಯಾಲೆ ಏನಾತು ಗೊತ್ತಾಗ್ಲಿಲ್ಲ."

ಬದುಕಿದ ಎಂದು ಹೇಳಿದೆ. ಹೇಳುವಾಗ ನನಗೆ ಅಳು ಬಂತು. ಅವತ್ತು ಗೊತ್ತಾಯಿತು, ಅವಳು ನನ್ನ ಪಕ್ಕದಲ್ಲಿ ಕೂತು ನೋಡದಿದ್ದರೆ ಆ ಧಾರಾವಾಹಿ ನನಗೂ ಬೇಡ ಎಂದು. ಬೇಸಿಗೆ ಇನ್ನೂ ಎರಡು ತಿಂಗಳು ಇತ್ತು. ಅಜ್ಜಿಯ ಹತ್ತಿರ ನೇರವಾಗಿ ಕೇಳುವ ಧೈರ್ಯ ನನಗಿರಲಿಲ್ಲ. ಆದರೆ ಅಜ್ಜಿ ಯಾರ ಮಾತನ್ನು ತೆಗೆದುಹಾಕುವುದಿಲ್ಲ ಎಂದು ಗೊತ್ತಿತ್ತು. ಆ ವೀರನ ಮಾತು ಅವಳಿಗೆ ತಲುಪುವುದು ಯಾರ ಬಾಯಿಂದ ಎಂದೂ ಗೊತ್ತಿತ್ತು.

ಮುಂದಿನ ಭಾನುವಾರ ಮತ್ತೆ ಕದ ಮುಚ್ಚಿತ್ತು. ಕಥೆ ಮುಗಿಯಿತು, ಮಕ್ಕಳು ಓಡಿದರು. ವೀರ ತಿರುಗಿ ನಿಂತು ಬೆರಳೆತ್ತಿ ಹೇಳಿದ: ನಲ್ಲಿಯನ್ನು ಸುಮ್ಮನೆ ಬಿಡಬೇಡಿ, ನೀರು ಪೋಲು ಮಾಡಬೇಡಿ. ಅಜ್ಜಿ ಸೆರಗು ಸರಿಮಾಡಿಕೊಂಡಳು. "ಏನಂತೆ ಅಪ್ಪಣೆ?"

ಒಂದೇ ಉಸಿರಿಗೆ ಹೇಳಿದೆ: "ಯಾರ ಮನಿ ಹೊರಗೆ ಮಕ್ಳು ನಿಂತ್ಕೊಂಡು ನೋಡ್ತಾವೋ, ಆ ಮನಿ ಟೀವಿಯಾಗೆ ನಾನು ಇನ್ನ ಬರೋದಿಲ್ಲ ಅಂದ."

ಆಗಲೇ ಹಿಂದಿನಿಂದ ಪೇಪರ್ ಮಡಚಿದ ಸದ್ದು ಬಂತು. ತಿರುಗಿದರೆ ಅಜ್ಜ! ಅವತ್ತು ಸೆಕೆಗೆ ನಿದ್ದೆ ಬಾರದೆ ಪಡಸಾಲೆಯ ಆರಾಮ ಕುರ್ಚಿಯಲ್ಲೇ ಪೇಪರ್ ಹಿಡಿದು ಕೂತಿದ್ದ. ನಾನು ಗಮನಿಸಿಯೇ ಇರಲಿಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ನೀವೂ ಕೇಳಿದ್ರಲ್ಲ," ಎಂದಳು ಅಜ್ಜಿ. "ಹಂಗಂದ್ನಾ?"

ಅಜ್ಜ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ಆಮೇಲೆ ಮುಚ್ಚಿದ ಕಿಟಕಿಯನ್ನು ನೋಡಿದ. "ನನ್ಗೆ ಸರಿಯಾಗಿ ಕೇಳಿಸ್ಲಿಲ್ಲ ಮಾರಾಯ್ತಿ. ಹುಡುಗಿ ಟ್ಯೂಷನ್ನಿಗೆ ಹೋಗ್ತಾಳೆ, ಸುಳ್ಳು ಯಾಕ ಹೇಳ್ತಾಳೆ?" ಎಂದು ಎದ್ದ. ನನ್ನ ಪಕ್ಕ ಹಾದು ಹೋಗುವಾಗ ಮೆಲ್ಲಗೆ ಅಂದ: "ಹಿತ್ಲಾಗೆ ನಲ್ಲಿ ಹರೀತೈತೆ, ಬಂದ್ ಮಾಡಿ ಬಾ."

ಹೋಗಿ ನೋಡಿದೆ. ನಲ್ಲಿ ಬಂದ್ ಆಗಿಯೇ ಇತ್ತು.

ಆ ವಾರ ಪೂರ್ತಿ ಅಜ್ಜಿ ಪಟಕ್ಕೆ ಹೂ ಏರಿಸುವಾಗ ಹೆಚ್ಚು ಹೊತ್ತು ನಿಂತಳು. ಭಾನುವಾರ ಬಂತು. ವಿಭೂತಿ ಎಳೆದಳು, ಮುಸುಕು ತೆಗೆದಳು, ಹೊಸ್ತಿಲ ತನಕ ಹೋದಳು. "ಏ ಕಿಟಕಿ ಹುಡುಗಿ, ಬಾ ಒಳಗೆ." ಗೆಳತಿ ಕಟ್ಟೆಯಿಂದ ಇಳಿಯಲಿಲ್ಲ. ತನ್ನನ್ನಲ್ಲ ಎಂದುಕೊಂಡು ಹಿಂದೆ ತಿರುಗಿ ನೋಡಿದಳು. "ನಿನ್ನೇ ಕಣವ್ವ, ಬಾ. ಅವ ಬರೋ ಹೊತ್ತಾತು" ಎಂದಳು ಅಜ್ಜಿ. ಗೆಳತಿ ಹೊಸ್ತಿಲನ್ನು ತುಳಿಯದೆ ಜಿಗಿದು ಒಳಗೆ ಬಂದಳು. ಅವಳಿಗೆ ಅಂತ ಬಾಗಿಲ ಬಳಿ ಬೇರೆ ಗೋಣಿತಟ್ಟು ಹಾಸಿದ್ದರು. ನಾನೂ ಹೋಗಿ ಅದರ ಮೇಲೇ ಕೂತೆ. ಯಾರೂ ಏನೂ ಅನ್ನಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು.

ಎದುರು ಮನೆಯಾಕೆ ಮಾತ್ರ ಮಾರನೆಯ ದಿನ ಬಂದು "ಏನ್ರೀ ಇದು, ನಿಮ್ಮಂಥೋರೇ ಹಿಂಗೆ ಮಾಡಿದ್ರೆ ಹೆಂಗೆ?" ಎಂದು ಮಾತು ತೆಗೆದಳು. ಅಜ್ಜಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅವ ನಮ್ಮನಿಗೆ ಬರೋದು ಬಿಟ್ರೆ ನೀವು ಕರ್ಕೊಂಡು ಬರ್ತೀರೇನು?" ಎಂದಳು. ಆಕೆ ಏನೂ ಅರ್ಥವಾಗದೆ ಎದ್ದು ಹೋದಳು.

ಎಲ್ಲ ಒಮ್ಮೆಗೇ ಸರಿಹೋಯಿತು ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಗೋಣಿತಟ್ಟಿನಿಂದ ಚಾಪೆಗೆ ಬರಲು ಅವಳಿಗೆ ಮಳೆಗಾಲ ಬೇಕಾಯಿತು. ಲೋಟ ಗೂಡಿನಲ್ಲೇ ಉಳಿಯಿತು. ನನ್ನ ಸುಳ್ಳಿಗೆ ಅಷ್ಟು ಶಕ್ತಿ ಇರಲಿಲ್ಲ. ಕೊನೆಗೆ ನಾನೂ ಅದೇ ಲೋಟದಲ್ಲಿ ನೀರು ಕುಡಿಯಲು ಶುರುಮಾಡಿದೆ. ಅಜ್ಜಿ ಎರಡು ಸಲ ನೋಡಿದಳು, ಮೂರನೇ ಸಲ ಲೋಟವನ್ನು ತೆಗೆದು ಉಳಿದ ಲೋಟಗಳ ಜೊತೆ ಬೋರಲು ಹಾಕಿದಳು.

ಗೆಳತಿಯ ಪರವಾಗಿ ವೀರನ ಬಾಯಲ್ಲಿ ಸುಳ್ಳು ಹೇಳಿಸಿದ ನಾನು, ನನ್ನ ಪರವಾಗಿ ಒಂದು ಮಾತು ಹೇಳಿಸಲು ಎಷ್ಟೋ ಭಾನುವಾರ ಯೋಚಿಸಿದೆ. ಕಪ್ಪಗಿದ್ದವರೂ ವೀರರಾಗಬಹುದು ಅಂದ ಎಂದುಬಿಟ್ಟರೆ ಮುಗಿಯಿತು. ಮಾತು ತುಟಿಯ ತನಕ ಬರುತ್ತಿತ್ತು. ಇನ್ನೊಬ್ಬರಿಗಾಗಿ ಸುಳ್ಳು ಹೇಳುವುದು ಸುಲಭ, ತನಗಾಗಿ ಬೇಡುವಾಗ ನಾಲಿಗೆ ಏಳುವುದಿಲ್ಲ. ಈಗ ಸರಸ್ವತಿ ನಗರದ ನಮ್ಮ ಮನೆಯಲ್ಲಿ ನನ್ನ ಮಗಳು ಮೊಬೈಲಿನಲ್ಲಿ ನೋಡುವ ಕಥೆಗಳಲ್ಲಿ ನನ್ನ ಬಣ್ಣದ ಹುಡುಗಿಯರು ಆರಾಮಾಗಿ ಹಾರಾಡುತ್ತಾರೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ, ಉಪ್ಪಿಟ್ಟು ತಿನ್ನುತ್ತ ನೋಡುತ್ತಾಳೆ. ನಾನೇ ಹಿಂದೆ ನಿಂತು, ಒಲೆಯ ಮೇಲಿನ ಹಾಲು ಉಕ್ಕುವ ತನಕ ನೋಡುತ್ತೇನೆ. ನಮಗೆ ಹಾಗೆ ಯಾರೂ ಹಾರಿ ತೋರಿಸಲಿಲ್ಲ. ಹಾಗಾಗಿ ರಾಕ್ಷಸಿಯಾಗಿಯೇ ಸಾಯುತ್ತ ಬಂದೆ. ಸಾಯುವುದರಲ್ಲಿ ಒಳ್ಳೆಯ ಹೆಸರೂ ಬಂದಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಅವ್ವ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನನ್ನ ಸೋದರತ್ತೆ ಇದ್ದಳು. ಹೋಗಲು ನನಗೆ ಇಷ್ಟವಿರಲಿಲ್ಲ. ಭಾನುವಾರ ನಾನು ಮನೆಯಲ್ಲಿ ಇಲ್ಲದಿದ್ದರೆ ಗೆಳತಿಯನ್ನು ಯಾರು ಒಳಗೆ ಕರೆಯುತ್ತಾರೆ? ಅಜ್ಜಿ ಮರೆತುಬಿಟ್ಟರೆ? ಬಸ್ಸಿನಲ್ಲಿ ಕೂತಾಗಲೂ ಅದೇ ಯೋಚನೆ.

ಅತ್ತೆಯ ಮನೆಯಲ್ಲಿ ಧಾರಾವಾಹಿ ನೋಡುವ ರೀತಿಯೇ ಬೇರೆ. ಒಂದೇ ಅಳತೆಯ ಮನೆಗಳು, ಎಲ್ಲೆಲ್ಲಿಂದಲೋ ಬಂದ ಮನೆತನಗಳು. ಯಾರ ಮನೆಯಲ್ಲಿ ಟೀವಿ ಚೆನ್ನಾಗಿ ಬರುತ್ತದೋ ಅಲ್ಲಿಗೆ ಎಲ್ಲ ಮಕ್ಕಳೂ ನುಗ್ಗುವರು. ಅತ್ತೆಯ ಮಂಚದ ಮೇಲೆ ಹನ್ನೊಂದು ಮಕ್ಕಳು ಒಬ್ಬರ ಮೇಲೊಬ್ಬರು ಕೂತಿದ್ದೆವು. ಮಂಚ ಕಿರುಗುಟ್ಟಿತು, ಅತ್ತೆ ಬೈದಳು, ಬೈಗುಳದಲ್ಲಿ ಎಲ್ಲರಿಗೂ ಸಮಪಾಲು. ಕೊನೆಯಲ್ಲಿ ವೀರ ತಿರುಗಿ ನಿಂತು ಬುದ್ಧಿ ಹೇಳಿದ: ರಾತ್ರಿ ಮಲಗುವ ಮುಂಚೆ ತಪ್ಪದೆ ಹಲ್ಲು ಉಜ್ಜಿ. ನನಗೆ ಅಜ್ಜಿಯ ನೆನಪಾಯಿತು. ಇವತ್ತು ಅವಳಿಗೆ ಅಪ್ಪಣೆ ತಿಳಿಸುವವರು ಯಾರೂ ಇಲ್ಲವಲ್ಲ ಎಂದು ಬೇಜಾರಾಯಿತು.

ಸಂಜೆ ಮನೆಗೆ ಬಂದಾಗ ಪಡಸಾಲೆಯ ತುಂಬ ಎಣ್ಣೆಯ ಘಮ. ಅಜ್ಜಿ ಒಲೆಯ ಮುಂದೆ ಕೂತು ಮೆಣಸಿನಕಾಯಿ ಬೋಂಡಾ ಕರಿಯುತ್ತಿದ್ದಳು. ಪಕ್ಕದಲ್ಲಿ ನನ್ನ ಮೈಗೆ ಹಚ್ಚುವ ಕಡಲೆಹಿಟ್ಟಿನ ಡಬ್ಬಿ, ಖಾಲಿ.

"ನೀನಿಲ್ದಿದ್ರೆ ಅವನ ಮಾತು ನಿಲ್ತತೇನು?" ಎಂದಳು. "ಆ ಹುಡುಗೀನ ಕರ್ದು ಪಕ್ಕದಾಗೆ ಕುಂದ್ರಿಸ್ಕೊಂಡೆ. ನಿನ್ಗಿಂತ ಚೆಂದ ಹೇಳಿದ್ಲು."

"ಏನ್ ಹೇಳಿದ್ನಂತೆ ಅಜ್ಜಿ?"

"ನಿನ್ ವಿಷಯಾನೇ!" ಅಜ್ಜಿ ಜಾಲರಿ ಸೌಟನ್ನು ಕೆಳಗಿಟ್ಟಳು. "ಕರ್ರಗಿರೋ ಮಕ್ಳನ್ನ ಉಜ್ಬಾರ್ದಂತೆ ಕಣೆ. ಹಾರೋ ಶಕ್ತಿ ಇರೋದೇ ಆ ಬಣ್ಣದಾಗಂತೆ. ಉಜ್ಜಿದಷ್ಟೂ ಕರಗಿ ಹೋಗ್ತತಂತೆ. ನಾನೊಬ್ಳು, ಇಷ್ಟು ವರ್ಷ..." ಹಿಟ್ಟು ಮೆತ್ತಿದ ಕೈಯಿಂದಲೇ ನನ್ನ ಕೆನ್ನೆ ಸವರಿದಳು. "ಉರೀತಿತ್ತಾ ಯವ್ವ? ಇನ್ನ ಉಜ್ಜೋದಿಲ್ಲ. ಆ ಹಿಟ್ನಾಗೆ ಮೆಣ್ಸಿನಕಾಯಿ ಮಾಡೀನಿ, ತಿನ್ನು."

ನಾನು ಐದು ತಿಂದೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದುಕೊಂಡು ಅವ್ವ ನೀರು ಕೊಟ್ಟಳು.

ಮಾರನೆಯ ದಿನ ಶಾಲೆಯಲ್ಲಿ ಬೆಂಚಿಗೆ ಬಂದು ಕೂತವಳೇ ಗೆಳತಿಯನ್ನು ಕೇಳಿದೆ. "ನಿನ್ನೆ ಅವ ಏನ್ ಹೇಳಿದ?"

"ಅಜ್ಜಿ ಹೇಳ್ಲಿಲ್ಲೇನು?" ಎಂದಳು, ಚೀಲದಿಂದ ಪುಸ್ತಕ ತೆಗೆಯುತ್ತ.

"ನಾನೂ ನೋಡಿದ್ನಲ್ಲ. ಹರಿಹರದಾಗೆ ಅವ ಹಲ್ಲು ಉಜ್ರಿ ಅಂದ."

ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಹರಿಹರದೋರಿಗೆ ಹಲ್ಲಿಂದು ಬೇಕಾಗಿತ್ತು, ಅದನ್ನ ಹೇಳ್ಯಾನೆ" ಎಂದಳು. "ದಾವಣಗೆರಿಯಾಗೆ ಇದು ಬೇಕಾಗಿತ್ತು."

ಸಂಜೆ ಬಯಲಿನಲ್ಲಿ ನಾನು ಅಭ್ಯಾಸದಂತೆ ಸಾಯಲು ಜಾಗ ನೋಡುತ್ತಿದ್ದೆ. ಅವಳು ತನ್ನ ಕುತ್ತಿಗೆಯ ಟವೆಲ್ ಬಿಚ್ಚಿದಳು. ಹುಡುಗರು "ಏ, ಅವ್ಳು ರಾಕ್ಷಸಿ!" ಎಂದು ಕೂಗಿದರು. ಅವಳು ಅವರ ಕಡೆ ನೋಡಲೂ ಇಲ್ಲ. ಟವೆಲನ್ನು ನನ್ನ ಕುತ್ತಿಗೆಗೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಕೆಳಗೆ ಬಾಗಿ ಹಿಡಿ ಮಣ್ಣು ತೆಗೆದು ತನ್ನ ಬಿಳಿ ಮುಖಕ್ಕೆ ಬಳಿದುಕೊಂಡು, ನನ್ನ ಮುಂದೆ ನೆಲದ ಮೇಲೆ ಮಲಗಿದಳು.

"ಕಟ್ಟೆ ಹತ್ತೇ," ಎಂದಳು. "ನಾನು ಎಷ್ಟೊತ್ತು ಸತ್ತಿರ್ಲಿ?"